ಕಾದಂಬರಿ, ಜನಪದ ಕಥೆ ಇಟ್ಟುಕೊಂಡು ಕಥೆ ಬರೆಯಲು ಕಲಿಯೋದು ಹೇಗೆ

ಮುಂಬೈ ಹತ್ತಿರದ ಡೊಂಬಿವಲಿಯಿಂದ ಸಿಎಸ್‌ಎಂಟಿ ಸ್ಟೇಷನ್ನಿಗೆ ಫಾಸ್ಟ್ ಲೋಕಲ್ ಟ್ರೇನಿನಲ್ಲಿ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ಸೀಟು ಸಿಕ್ಕ ದಿನ ಓದುತ್ತೇನೆ. ಸಿಗದ ದಿನ, ಹಿಂದಿನ ದಿನ ಓದಿದ್ದನ್ನೇ ನಿಂತುಕೊಂಡು ಮನಸ್ಸಲ್ಲಿ ತಿರುವಿ ಹಾಕುತ್ತೇನೆ. ನಾನು ಕಥೆ ಬರೆಯಲು ಕಲಿತದ್ದು ಹೀಗೇ, ಯಾವ ಶಿಬಿರಕ್ಕೂ ಹೋಗಿಲ್ಲ. ಮುಂಬೈಯಲ್ಲಿ ಕೂತು ಕನ್ನಡದಲ್ಲಿ ಬರೆಯಬೇಕು ಅನ್ನೋ ಆಸೆ ಇರೋರು ಆಗಾಗ ಕೇಳುತ್ತಾರೆ, ಅದಕ್ಕೆ ನಾನು ಮಾಡುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮೊದಲ ಕಥೆ ಒಂದು ಪತ್ರಿಕೆಯಿಂದ ವಾಪಸ್ ಬಂತು. ನಿಮ್ಮ ಪಾತ್ರಗಳು ಮನಸ್ಸಲ್ಲಿರೋದನ್ನೆಲ್ಲ ಹೇಳಿಬಿಡುತ್ತವೆ ಅಂತ ಒಂದೇ ಸಾಲು ಬರೆದಿದ್ದರು. ಆಗ ಬೇಜಾರಾಗಿತ್ತು, ಆದರೆ ಆ ಸಾಲು ಸರಿಯಾಗಿತ್ತು. ಅವತ್ತಿನಿಂದ ಏನೇ ಓದಿದರೂ ಒಂದೇ ಪ್ರಶ್ನೆ ಇಟ್ಟುಕೊಂಡು ಓದುತ್ತೇನೆ: ಇಲ್ಲಿ ಯಾರು ಯಾರಿಂದ ಏನನ್ನು ಮುಚ್ಚಿಡುತ್ತಿದ್ದಾರೆ? ನೀವೂ ಅದೊಂದನ್ನೇ ಹಿಡಿಯಿರಿ. ವರ್ಣನೆ, ಭಾಷೆ, ತಂತ್ರ ಅಂತ ಹತ್ತು ವಿಷಯ ಒಟ್ಟಿಗೆ ಕಲಿಯಲು ಹೋದರೆ ಯಾವುದೂ ಕೈಗೆ ಹತ್ತುವುದಿಲ್ಲ.

ಶುರು ಮಾಡೋಕೆ 'ಕೆರೆಗೆ ಹಾರ' ಅನ್ನೋ ಜನಪದ ಹಾಡು ತಗೊಳ್ಳಿ. ಶಾಲೆಯಲ್ಲಿ ಓದಿರುತ್ತೀರಿ. ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರುವುದಿಲ್ಲ, ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಡಬೇಕು ಅಂತಾಗುತ್ತದೆ. ವಿಷಯ ತಿಳಿದ ಅವಳು ತವರಿಗೆ ಹೋಗುತ್ತಾಳೆ. ಯಾಕೆ ಬಂದೆ ಮಗಳೇ ಅಂತ ಅಪ್ಪ ಕೇಳುತ್ತಾನೆ. ಸಾಯಿಸುತ್ತಾರೆ ಅಂತ ಅವಳು ಹೇಳುವುದಿಲ್ಲ. ಅತ್ತೆ ಮಾವ ನಮ್ಮನ್ನು ಬೇರೆ ಇಡುತ್ತಾರಂತೆ ಅನ್ನುತ್ತಾಳೆ. ಇಡಲಿ ಬಿಡು, ಹೊಲ ಮನೆ ಕೊಡುತ್ತೇನೆ ಅಂತಾನೆ ಅಪ್ಪ. ಅವ್ವನೂ ಕೇಳುತ್ತಾಳೆ, ಅದೇ ಉತ್ತರ, ಅವ್ವ ಕಿವಿಯೋಲೆ ಕೊಡುತ್ತೇನೆ ಅಂತಾಳೆ. ಅಕ್ಕನೂ ತನಗೆ ತೋಚಿದ್ದನ್ನು ಕೊಡಲು ಬರುತ್ತಾಳೆ. ನಿಜ ಹೇಳುವುದು ಗೆಳತಿಯ ಹತ್ತಿರ ಮಾತ್ರ.

ಇದನ್ನು ಒಂದು ಹಾಳೆಯಲ್ಲಿ ಬರೆದು ನೋಡಿ. ಎಡಗಡೆ ಯಾರು ಕೇಳಿದರು, ನಡುವೆ ಅವಳು ಏನು ಹೇಳಿದಳು, ಬಲಗಡೆ ಅವರು ಏನು ಕೊಡಲು ಬಂದರು. ಮೂರು ಸಲವೂ ನಡುವಿನ ಸಾಲು ಬದಲಾಗುವುದಿಲ್ಲ. ಬಲಗಡೆಯದು ಮಾತ್ರ ಬದಲಾಗುತ್ತದೆ. ಅಪ್ಪ ಪ್ರೀತಿಯಿಂದಲೇ ಹೊಲ ಕೊಡುತ್ತಿದ್ದಾನೆ, ಅದರಿಂದ ಏನೂ ಉಪಯೋಗ ಇಲ್ಲ ಅಂತ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಹೊಟ್ಟೆ ಕಿವುಚಿದ ಹಾಗೆ ಆಗೋದು ಅಲ್ಲಿ. ಒಂದೇ ಒಂದು ಕಡೆ 'ಅವಳಿಗೆ ತುಂಬಾ ದುಃಖವಾಯಿತು' ಅಂತ ಸೇರಿಸಿ ಓದಿ ನೋಡಿ, ಹಾಡು ಕೆಟ್ಟುಹೋಗುತ್ತದೆ.

ನಮ್ಮ ಅವ್ವ ಹಾವೇರಿ ಕಡೆಯವಳು. ಅವಳು ಹೇಳುವ ಹಾಡಿನಲ್ಲಿ ಇನ್ನೊಂದು ಜಾಗ ಇದೆ. ಭಾಗೀರಥಿ ಬೇಳೆ ಹಸನು ಮಾಡುತ್ತಾ ಅಳುತ್ತಿದ್ದಾಳೆ. ಯಾಕೆ ಕಣ್ಣಲ್ಲಿ ನೀರು ಅಂತ ಮಾವ ಕೇಳುತ್ತಾನೆ. ಬೇಳೆಯೊಳಗಿನ ಹರಳು ಹಾರಿ ಕಣ್ಣಿಗೆ ಬಿತ್ತು ಅಂತಾಳೆ. ಮಾವನಿಗೆ ನಿಜ ಗೊತ್ತು, ಅವಳಿಗೂ ಗೊತ್ತು, ಇಬ್ಬರ ನಡುವೆ ಬೇಳೆಯ ಮೊರ ಇದೆ. ಸುಮ್ನೆ ಈ ಒಂದು ಜಾಗವನ್ನು ಹತ್ತು ಸಲ ಓದಿ. ಸಂಭಾಷಣೆ ಬರೆಯೋದನ್ನು ನನಗೆ ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಕಲಿಸಿಲ್ಲ.

ಈಗ ನಿಮ್ಮದೇ ಒಂದು ದೃಶ್ಯ ಬರೆಯಿರಿ, ಹತ್ತು ಸಾಲಿಗಿಂತ ಜಾಸ್ತಿ ಬೇಡ. ನಾನು ಬರೆದದ್ದು ಹೀಗಿತ್ತು. ಮುಲುಂಡಿನಲ್ಲಿರುವ ಅಕ್ಕನ ಮನೆಗೆ ತಮ್ಮ ಬಂದಿದ್ದಾನೆ, ಕೆಲಸ ಹೋಗಿ ಮೂರು ವಾರ.

"ಯಾಕೋ, ಬುಧವಾರ ಬಂದಿ? ಸೂಟಿ ಏನು?"

"ಇಲ್ಲಕ್ಕ, ಈ ಕಡೆ ಕೆಲಸ ಇತ್ತು."

"ಊಟ?"

"ಆತು. ಡಬ್ಬಿ ತಂದಿದ್ದೆ."

ಅಕ್ಕ ಅವನ ಚೀಲ ಎತ್ತಿ ಪಕ್ಕಕ್ಕಿಟ್ಟಳು. ಡಬ್ಬಿ ಭಾರವಾಗಿತ್ತು.

ಮೊದಲ ಸಲ ಬರೆದಾಗ ಇದರ ಕೆಳಗೆ ಇನ್ನೂ ನಾಲ್ಕು ಸಾಲು ಇದ್ದವು. ಅವನು ಊಟ ಮಾಡಿಲ್ಲ ಅಂತ ಅಕ್ಕನಿಗೆ ಗೊತ್ತಾಯಿತು, ಏನೋ ಆಗಿದೆ ಅನ್ನಿಸಿತು, ಹೀಗೆ. ಹೊಡೆದು ಹಾಕಿದೆ. ನೀವೂ ಬರೆದ ಮೇಲೆ ಕೊನೆಯ ಎರಡು ಸಾಲು ಕೈಯಿಂದ ಮುಚ್ಚಿ ಓದಿ. ಅವಿಲ್ಲದೆಯೂ ವಿಷಯ ತಿಳಿದರೆ ಕಿತ್ತುಹಾಕಿ.

ಡಬ್ಬಿಯ ಉಪಾಯ ನನಗೆ ಹೊಳೆದದ್ದು ಶಿವರಾಮ ಕಾರಂತರ 'ಚೋಮನ ದುಡಿ'ಯಿಂದ. 1933ರ ಕಾದಂಬರಿ, ಚಿಕ್ಕದು. ಚೋಮನಿಗೆ ಸ್ವಂತ ಬೇಸಾಯ ಮಾಡುವ ಆಸೆ, ಎತ್ತುಗಳಿವೆ, ಆದರೆ ಹುಟ್ಟಿದ ಜಾತಿಯ ಕಾರಣಕ್ಕೆ ಅವನಿಗೆ ಭೂಮಿ ಸಿಗುವುದಿಲ್ಲ. ಸಿಟ್ಟು ಬಂದರೂ ಸಂಕಟವಾದರೂ ದುಡಿ ಬಾರಿಸುತ್ತಾನೆ. ಪೆನ್ಸಿಲ್ ಹಿಡಿದು ಓದಿ. ದುಡಿ ಬಂದ ಪ್ರತಿ ಪುಟದಲ್ಲಿ ಗುರುತು ಹಾಕಿ, ಅದಕ್ಕಿಂತ ಸ್ವಲ್ಪ ಮೊದಲು ಏನಾಯಿತು ಅಂತ ಅಂಚಿನಲ್ಲಿ ಎರಡೇ ಪದ ಬರೆಯಿರಿ. ಪುಸ್ತಕ ಮುಗಿಯೋ ಹೊತ್ತಿಗೆ ಆ ಅಂಚಿನ ಪದಗಳನ್ನೇ ಓದಿದರೆ ಸಾಕು, ಚೋಮನ ಮನಸ್ಸಿನ ಕಥೆ ಬೇರೆಯಾಗಿ ನಿಮ್ಮ ಕೈಗೆ ಬಂದಿರುತ್ತದೆ. (ಲೈಬ್ರರಿ ಪುಸ್ತಕಕ್ಕೆ ಗೀಚಬೇಡಿ, ಚೀಟಿ ಇಡಿ.)

ಎ.ಕೆ. ರಾಮಾನುಜನ್ ಸಂಗ್ರಹಿಸಿದ ಒಂದು ಕನ್ನಡ ಕಥೆಯೂ ಇಲ್ಲಿ ಬೇಕು. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತು, ಯಾರಿಗೂ ಹೇಳುವುದಿಲ್ಲ. ಒಳಗೆ ಉಸಿರುಕಟ್ಟಿ, ಅವಳು ಮಲಗಿದ್ದಾಗ ಅವು ಹೊರಗೆ ಬರುತ್ತವೆ. ಕಥೆ ಬಾಗಿಲ ಹತ್ತಿರ ಚಪ್ಪಲಿಯಾಗಿ ಕೂರುತ್ತದೆ, ಹಾಡು ಗೂಟದ ಮೇಲೆ ಕೋಟಾಗಿ ನೇತಾಡುತ್ತದೆ. ಗಂಡ ಬಂದು ಯಾರದು ಇವು ಅಂತ ಜಗಳ ತೆಗೆಯುತ್ತಾನೆ. ಗಿರೀಶ ಕಾರ್ನಾಡರು 1988ರ 'ನಾಗಮಂಡಲ'ದಲ್ಲಿ ಇಂಥ ಕಥೆಗಳನ್ನು ಬಳಸಿಕೊಂಡಿದ್ದಾರೆ. ಹೇಳದೆ ಬಿಟ್ಟ ಮಾತು ಒಂದು ವಸ್ತುವಾಗಿ ಹೊಸ್ತಿಲಲ್ಲಿ ಕೂತಿದೆ, ನೋಡಿದವನು ಅದನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಾನೆ. ನಿಮ್ಮ ಕಥೆ ಎಲ್ಲೋ ಸಿಕ್ಕಿಹಾಕಿಕೊಂಡಾಗ ಇದನ್ನು ನೆನಪು ಮಾಡಿಕೊಳ್ಳಿ: ಪಾತ್ರ ನುಂಗಿಕೊಂಡ ಮಾತು ಮನೆಯಲ್ಲಿ ಯಾವ ಸಾಮಾನಾಗಿ ಬಿದ್ದಿದೆ? ಅದು ಯಾರ ಕಣ್ಣಿಗೆ ಬೀಳುತ್ತದೆ?

ದೊಡ್ಡ ಕಾದಂಬರಿ ಓದುವಾಗ ಬೇರೆ ಥರ ಮಾಡಬೇಕು. ಯಶವಂತ ಚಿತ್ತಾಲರ 'ಶಿಕಾರಿ' (1979) ನಮ್ಮ ಮುಂಬೈಯದೇ. ಉತ್ತರ ಕನ್ನಡದ ಹನೇಹಳ್ಳಿಯಿಂದ ಬಂದು, ಕಂಪನಿ ಕೆಲಸ ಮಾಡುತ್ತಾ ಮುಂಬೈಯಲ್ಲೇ ಬದುಕಿದವರು ಬರೆದದ್ದು. ಕಂಪನಿಯ ಅಧಿಕಾರಿ ನಾಗಪ್ಪನನ್ನು ಕೆಲಸದಿಂದ ದೂರ ಇಟ್ಟಿದ್ದಾರೆ, ಆದರೆ ತನ್ನ ಮೇಲಿನ ಆರೋಪ ಏನು ಅಂತ ಅವನಿಗೇ ಸರಿಯಾಗಿ ಗೊತ್ತಿಲ್ಲ. ಇಲ್ಲಿ ಮುಚ್ಚಿಡುತ್ತಿರುವವರು ಇತರರು. ಪ್ರತಿ ಅಧ್ಯಾಯ ಮುಗಿದ ಮೇಲೆ ಮೂರು ಸಾಲು ಬರೆದುಕೊಳ್ಳಿ: ನಾಗಪ್ಪನಿಗೆ ಈಗ ಏನು ಗೊತ್ತು, ಅವನು ಏನು ಊಹಿಸುತ್ತಿದ್ದಾನೆ, ನನಗೆ ಏನು ಗೊತ್ತು. ಆಮೇಲೆ ನಿಮಗೆ ಹಿಡಿಸಿದ ಒಂದು ಪುಟವನ್ನು ಕೈಯಲ್ಲಿ ನಕಲು ಮಾಡಿ. ಟೈಪ್ ಮಾಡಬೇಡಿ, ಬೆರಳು ಬೇಗ ಓಡಿಬಿಡುತ್ತದೆ. ಬರೆಯುವಾಗ ಅವರು ವಾಕ್ಯವನ್ನು ಎಲ್ಲಿ ನಿಲ್ಲಿಸಿದರು, ಎಲ್ಲಿ ಎಳೆದರು ಅನ್ನೋದು ಕೈಗೆ ತಿಳಿಯುತ್ತದೆ. ನಕಲು ನಿಮ್ಮ ವಹಿಯಲ್ಲೇ ಇರಲಿ, ಅಲ್ಲಿನ ಒಂದು ಸಾಲೂ ನಿಮ್ಮ ಕಥೆಗೆ ಬರಬಾರದು.

ವೇಗದ ಬಗ್ಗೆ ಕೇಳಿದರೆ ಮತ್ತೆ ಭಾಗೀರಥಿಯ ಹತ್ತಿರವೇ ಕಳಿಸುತ್ತೇನೆ. ಕೊನೆಯಲ್ಲಿ ಅವಳು ಒಂದೊಂದೇ ಮೆಟ್ಟಿಲು ಹತ್ತುತ್ತಾಳೆ. ನೀರು ಮೊದಲು ಪಾದಕ್ಕೆ, ಆಮೇಲೆ ಮೊಣಕಾಲಿಗೆ, ಆಮೇಲೆ ನಡುವಿಗೆ. ಕವಿಗೆ ಒಂದೇ ಸಾಲಿನಲ್ಲಿ ಮುಗಿಸಬಹುದಿತ್ತು, ಅಲ್ವಾ? ಆದರೆ ವರ್ಷಗಳನ್ನು ಒಂದು ಸಾಲಿನಲ್ಲಿ ದಾಟಿಸುವ ಜನಪದ ಇಲ್ಲಿ ಐದು ಮೆಟ್ಟಿಲಿಗೆ ಐದು ಸಲ ನಿಲ್ಲುತ್ತದೆ. ನಿಮ್ಮ ಕಥೆಯಲ್ಲಿ ಹಾಗೆ ನಿಲ್ಲಬೇಕಾದ ಜಾಗ ಯಾವುದು ಅಂತ ಹುಡುಕಿ, ಉಳಿದದ್ದನ್ನು ಬೇಗ ದಾಟಿಸಿ.

ಬರೆದದ್ದನ್ನು ಒಬ್ಬರಿಗೆ ಬಾಯಲ್ಲಿ ಹೇಳಿ, ಕಾಗದ ನೋಡಬೇಡಿ. ಹಳ್ಳಿಯಲ್ಲಿ ಕಥೆ ಹೇಳುವಾಗ ಕೇಳುವವರು ಹೂಂ ಅನ್ನಬೇಕು, ಹೂಂ ನಿಂತರೆ ಹೇಳುವವಳೂ ನಿಲ್ಲಿಸುತ್ತಾಳೆ. ನಾನು ರಾತ್ರಿ ಅವ್ವನಿಗೆ ಫೋನಿನಲ್ಲಿ ಹೇಳುತ್ತೇನೆ. ಅವಳ ಹೂಂ ತಡವಾದ ಜಾಗಕ್ಕೆ ಅಲ್ಲೇ ಗುರುತು ಹಾಕಿಕೊಳ್ಳುತ್ತೇನೆ, ಬೆಳಿಗ್ಗೆ ಟ್ರೇನಿನಲ್ಲಿ ಆ ಜಾಗ ತಿದ್ದುತ್ತೇನೆ. ನಿಮ್ಮ ಮನೆಯಲ್ಲೂ, ಬಿಲ್ಡಿಂಗಿನಲ್ಲೂ ಊರಿನಿಂದ ಬಂದ ಅಜ್ಜಿಯರು ಇರುತ್ತಾರೆ. ಅವರ ಹತ್ತಿರ ಒಂದು ಕಥೆ ಕೇಳಿ, ಅವರು ಒಪ್ಪಿದರೆ ರೆಕಾರ್ಡ್ ಮಾಡಿ, ಅವರ ಮಾತಿನಲ್ಲೇ ಇಳಿಸಿಕೊಳ್ಳಿ. ನನಗೆ ಏನೂ ನೆನಪಿಲ್ಲಪ್ಪ ಅಂತಾರೆ ಮೊದಲು. ಆಗ ನೀವೇ ಒಂದು ಕಥೆ ತಪ್ಪುತಪ್ಪಾಗಿ ಶುರು ಮಾಡಿ. ಎರಡನೇ ಸಾಲಿಗೇ ತಡೆದು, ಹಾಗಲ್ಲ ಅದು ಅಂತ ಅವರು ಹೇಳಲು ಶುರು ಮಾಡುತ್ತಾರೆ.