ನನ್ನ ಅನುಭವ: ಜಿಂಕೆ ಬೇಟೆಯ ರೈಫಲ್‌ಗೆ ತೋಟಾ ಮತ್ತು ಸ್ಕೋಪ್ ಆರಿಸಿಕೊಂಡ ಬಗೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ನವೆಂಬರ್ ಕೊನೆಗೆ ಸಂಜೆ ನಾಲ್ಕೂವರೆಗೆಲ್ಲ ಹೊತ್ತು ಮುಳುಗುತ್ತದೆ. ನನ್ನ ಮೊದಲ ಸೀಸನ್ನಿನ ಮೂರನೇ ದಿನ, ಸರಿಯಾಗಿ ಆ ಹೊತ್ತಿಗೆ ಒಂದು ಹೆಣ್ಣು ಜಿಂಕೆ ಕಾಡಿನಂಚಿನಿಂದ ಹೊರಗೆ ಬಂತು. ಸುಮಾರು 130 ಗಜ ದೂರ. ಸ್ಕೋಪ್, ಅಂದರೆ ಕೋವಿಯ ಮೇಲೆ ಕೂರಿಸಿದ ಗುರಿ ದುರ್ಬೀನಿನ ಒಳಗೆ ಎಲ್ಲವೂ ಮಬ್ಬು. ಭುಜ ಎಲ್ಲಿ, ಹೊಟ್ಟೆ ಎಲ್ಲಿ ಎಂದು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಆದರೂ ಹೊಡೆದೆ. ಜಿಂಕೆ ಬೆನ್ನು ಬಾಗಿಸಿ, ನಿಧಾನವಾಗಿ ನಡೆದು ಜೌಗಿನೊಳಗೆ ಮರೆಯಾಯಿತು.

ಬೆನ್ನು ಬಾಗಿಸಿದರೆ ಗುಂಡು ಹೊಟ್ಟೆಗೆ ಬಿದ್ದಿದೆ ಎಂದರ್ಥ. ಜಮೀನಿನ ಯಜಮಾನರಾದ ಪಕ್ಕದ ಮನೆಯ ಹಿರಿಯರು ಅದನ್ನು ಕೇಳಿದ ಕೂಡಲೇ, ಈಗಲೇ ಹಿಂದೆ ಹೋಗಬೇಡ, ಓಡಿಸಿದರೆ ಸಿಗುವುದೇ ಇಲ್ಲ ಎಂದರು. ನಾಲ್ಕು ತಾಸು ಕಾದೆವು. ಆಮೇಲೆ ಟಾರ್ಚ್ ಹಿಡಿದು ರಕ್ತದ ಹನಿ ಹುಡುಕುತ್ತ ಹೋದೆವು. ಒಣಗಿದ ಜೊಂಡಿನ ನಡುವೆ ಅದು ಸತ್ತು ಬಿದ್ದಿತ್ತು. ಮುಟ್ಟಿದರೆ ಮೈ ಇನ್ನೂ ಬಿಸಿಯಾಗಿತ್ತು. ಅಷ್ಟು ಹೊತ್ತು ಅದು ನರಳಿದೆ ಎಂದು ತಿಳಿದು ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮ ಮನೆ ಮಡಿಕೇರಿ ಕಡೆ. ಕೋವಿ ನನಗೆ ಹೊಸದಲ್ಲ. ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಅಜ್ಜನ ಜೋಡಿನಳಿಗೆ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಿದ್ದೆವು. ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುತ್ತಿದ್ದೆವು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಈಗ ಊರಿನಲ್ಲಿ ಜಿಂಕೆ, ಕಡವೆ ಬೇಟೆ ಅಪರಾಧ. ಅದು ಹಾಗೇ ಇರಲಿ ಎನ್ನುವವನು ನಾನು. ಅಜ್ಜ ಅದಕ್ಕೂ ಹಿಂದಿನ ಕಾಲದವರು. "ಈಡು ಹಾಕಿದ ಮೇಲೆ ಪ್ರಾಣಿಯನ್ನ ಕಾಡಲ್ಲಿ ನರಳೋಕೆ ಬಿಡಬಾರದು ಮಗಾ" ಎನ್ನುತ್ತಿದ್ದರು. ಆ ರಾತ್ರಿಯಿಡೀ ಕಿವಿಯಲ್ಲಿ ಅದೇ ಮಾತು.

ಇಲ್ಲಿಯ ಸ್ಥಿತಿ ಬೇರೆ. ಬಿಳಿಬಾಲದ ಜಿಂಕೆ ಇಲ್ಲಿ ಹೇರಳ. ಬೆಳೆ ತಿನ್ನುತ್ತವೆ, ರಸ್ತೆಯಲ್ಲಿ ಕಾರಿಗೆ ಅಡ್ಡ ಬರುತ್ತವೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರದಿಂದ ಒಂಬತ್ತು ದಿನ ಕೋವಿ ಬೇಟೆಯ ಸೀಸನ್. 1973ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರು ಬೇಟೆ ಸುರಕ್ಷತೆಯ ತರಗತಿ ಪಾಸಾಗಿರಬೇಕು. ನಾನೂ ತರಗತಿ ಮುಗಿಸಿ, ಲೈಸೆನ್ಸ್ ಪಡೆದು, ಕಿತ್ತಳೆ ಜಾಕೆಟ್ ತೊಟ್ಟು ಹೋಗಿದ್ದೆ. ಎಲ್ಲ ನಿಯಮ ಪಾಲಿಸಿದ್ದೆ. ಆದರೆ ಸ್ಕೋಪ್ ಮತ್ತು ತೋಟಾ ಎರಡರಲ್ಲೂ ತಪ್ಪು ಮಾಡಿದ್ದೆ.

ರೈಫಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನನ್ನದು ಬೋಲ್ಟ್ ಆ್ಯಕ್ಷನ್, ಅಂದರೆ ಪ್ರತಿ ಈಡಿಗೂ ಬೋಲ್ಟ್ ಎಂಬ ಸರಳನ್ನು ಕೈಯಿಂದ ಎಳೆದು ತೋಟಾ ತುಂಬುವಂಥದ್ದು. ಅದರ ತೋಟಾ .308 ವಿಂಚೆಸ್ಟರ್. 1952ರಲ್ಲಿ ಬಂದ ತೋಟಾ ಅದು. ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತದೆ. ತೋಟಾ .270 ಇರಲಿ, ಥರ್ಟಿ ಆಟ್ ಸಿಕ್ಸ್ ಇರಲಿ, 6.5 ಕ್ರೀಡ್‌ಮೂರ್ ಇರಲಿ, 200 ಗಜದೊಳಗಿನ ಜಿಂಕೆಗೆ ಯಾವುದಾದರೂ ಸಾಕು. ಹೊಡೆದಾಗ ಕೋವಿ ಹೆಗಲಿಗೆ ಕೊಡುವ ಒದೆತ ತಡೆಯಲಾಗದವರು .243 ತೆಗೆದುಕೊಳ್ಳಲಿ. ಒದೆತಕ್ಕೆ ಹೆದರಿ ಕಣ್ಣು ಮುಚ್ಚಿ ಟ್ರಿಗರ್ ಎಳೆಯುವವನ ಕೈಯಲ್ಲಿ ದೊಡ್ಡ ತೋಟಾ ಇದ್ದೂ ಪ್ರಯೋಜನವಿಲ್ಲ.

ಮೊದಲ ವರ್ಷದ ನನ್ನ ಸ್ಕೋಪ್ 4-16x50, ಅಂದರೆ 4ರಿಂದ 16 ಪಟ್ಟು ಝೂಮ್, ಮುಂದಿನ ಗಾಜು 50 ಮಿಲಿಮೀಟರ್ ಅಗಲ. ಅಂಗಡಿಯವರು ಜಾಸ್ತಿ ಝೂಮ್ ಇದ್ದರೆ ಒಳ್ಳೆಯದು ಎಂದರು, ನಾನು ನಂಬಿದೆ. ಆ ಸಂಜೆ ಝೂಮ್ 16ರಲ್ಲೇ ಇತ್ತು. ಲೆಕ್ಕ ಸುಲಭವಾಗಿದೆ, ಆದರೆ ನಾನು ಮಾಡಿಯೇ ಇರಲಿಲ್ಲ. ಮುಂದಿನ ಗಾಜಿನ ಅಗಲವನ್ನು ಝೂಮ್‌ನಿಂದ ಭಾಗಿಸಿ. ಕಣ್ಣಿಗೆ ಬರುವ ಬೆಳಕಿನ ವೃತ್ತ ಎಷ್ಟು ಅಗಲ ಎಂದು ಗೊತ್ತಾಗುತ್ತದೆ. 50ನ್ನು 16ರಿಂದ ಭಾಗಿಸಿದರೆ ಸುಮಾರು 3 ಮಿಲಿಮೀಟರ್. ಕತ್ತಲಲ್ಲಿ ಎಳೆಯರ ಕಣ್ಣಿನ ಪಾಪೆ 7 ಮಿಲಿಮೀಟರ್‌ವರೆಗೂ ಅರಳುತ್ತದೆ. ವಯಸ್ಸಾದಂತೆ 5ರ ಹತ್ತಿರಕ್ಕೆ ಇಳಿಯುತ್ತದೆ. ನನ್ನ ಕಣ್ಣು ಇನ್ನಷ್ಟು ಬೆಳಕು ತೆಗೆದುಕೊಳ್ಳಲು ಸಿದ್ಧವಿತ್ತು. ಸ್ಕೋಪ್ ಕೊಡುತ್ತಿರಲಿಲ್ಲ. ಝೂಮನ್ನು 7ಕ್ಕೆ ಇಳಿಸಿದ್ದರೂ ಭುಜ ಕಾಣುತ್ತಿತ್ತೋ ಏನೋ. ಅದನ್ನು ಯೋಚಿಸಿದಾಗಲೆಲ್ಲ ಸಂಕಟವಾಗುತ್ತದೆ.

ಹೊಸದಾಗಿ ತೆಗೆದುಕೊಂಡದ್ದು 3-9x40. ಬೆಲೆ ಮೊದಲಿನದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. 6ರಲ್ಲಿ ಇಟ್ಟರೆ 6.7 ಮಿಲಿಮೀಟರ್ ಬೆಳಕು ಸಿಗುತ್ತದೆ. ಕಾಡಿನಲ್ಲಿ ಕೂತಾಗ ಯಾವಾಗಲೂ 3 ಅಥವಾ 4ರಲ್ಲೇ ಇಟ್ಟಿರುತ್ತೇನೆ. ಜಿಂಕೆ 30 ಗಜದಲ್ಲಿ ದಿಢೀರ್ ಎಂದು ಎದುರಾದರೂ ಅದು ಪೂರ್ತಿ ಕಾಣುತ್ತದೆ. ಹೆಚ್ಚು ಝೂಮ್ ಇದ್ದರೆ ಕಂದು ಬಣ್ಣದ ಕೂದಲು ಮಾತ್ರ ಕಾಣುತ್ತದೆ. ಅದು ಯಾವ ಭಾಗವೆಂದು ತಿಳಿಯುವಷ್ಟರಲ್ಲಿ ಜಿಂಕೆ ಹೋಗಿರುತ್ತದೆ.

ಕೊಳ್ಳುವ ಮೊದಲು ಒಂದು ಕೆಲಸ ಮಾಡಿದೆ. ಬೇರೆ ಬೇರೆ ಸ್ಕೋಪ್‌ಗಳನ್ನು ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನೋಡಿ ಏನೂ ತಿಳಿಯಲಿಲ್ಲ. ಎಲ್ಲವೂ ಚೆನ್ನಾಗಿಯೇ ಕಾಣುತ್ತಿದ್ದವು. ಸಂಜೆ ಹೊತ್ತು ಮುಳುಗುವಾಗ ಮತ್ತೆ ಹೋಗಿ, ಅಂಗಡಿಯವರನ್ನು ಕೇಳಿಕೊಂಡು, ಬಾಗಿಲ ಹೊರಗೆ ನಿಂತು ದೂರದ ಪೊದೆಗಳ ಬುಡ ನೋಡಿದೆ. ಆಗ ವ್ಯತ್ಯಾಸ ಕಂಡಿತು. ಒಂದರಲ್ಲಿ ಕೊಂಬೆ ಎಣಿಸಬಹುದಿತ್ತು. ಇನ್ನೊಂದರಲ್ಲಿ ಬರೀ ಕಪ್ಪು. ಸ್ಕೋಪ್ ಒಳಗೆ ಗುರಿ ತೋರಿಸುವ ಅಡ್ಡಗೆರೆಯನ್ನೂ ಆ ಬೆಳಕಿನಲ್ಲೇ ನೋಡಬೇಕು. ನನ್ನ ಹಳೆಯ ಸ್ಕೋಪ್‌ನಲ್ಲಿ ಗೆರೆ ಕೂದಲಿನಷ್ಟು ತೆಳು. ತುಂಬ ಚುಕ್ಕಿ, ಅಂಕಿ ಬೇರೆ. ಕಾಡಿನ ನೆರಳಿನಲ್ಲಿ ಅದು ಕರಗಿಹೋಗುತ್ತಿತ್ತು. ಈಗಿನದು ಡ್ಯೂಪ್ಲೆಕ್ಸ್, ಅಂಚಿನಲ್ಲಿ ದಪ್ಪ, ನಡುವೆ ತೆಳು. ದಪ್ಪ ಗೆರೆಗಳೇ ಕಣ್ಣನ್ನು ನಡುವಿಗೆ ಎಳೆದು ತರುತ್ತವೆ. ಲ್ಯೂಪೋಲ್ಡ್ ಕಂಪನಿ 1962ರಲ್ಲಿ ತಂದ ವಿನ್ಯಾಸ ಅದು, ಇವತ್ತಿಗೂ ಬೇಟೆಗೆ ಅದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ.

ಸ್ಕೋಪ್ ಕೂರಿಸುವಾಗ ಚಳಿಗಾಲದ ದಪ್ಪ ಜಾಕೆಟ್ ಹಾಕಿಕೊಂಡೇ ಕೂತೆ. ಆಗ ಸೆಪ್ಟೆಂಬರ್. ಗರಾಜಿನಲ್ಲಿ ಬೆವರು ಸುರಿಯುತ್ತಿತ್ತು. ಆದರೆ ಟೀ ಶರ್ಟ್‌ನಲ್ಲಿ ಅಳತೆ ತೆಗೆದು ಕೂರಿಸಿದರೆ ನವೆಂಬರ್‌ನಲ್ಲಿ ಜಾಕೆಟ್ಟಿನ ದಪ್ಪಕ್ಕೆ ಕೋವಿ ಮುಂದೆ ಸರಿಯುತ್ತದೆ. ಕಣ್ಣಿಗೂ ಗಾಜಿಗೂ ಇರಬೇಕಾದ ಮೂರೂವರೆ ಇಂಚು ಹೆಚ್ಚುಕಡಿಮೆಯಾಗಿ ಸುತ್ತ ಕಪ್ಪು ಉಂಗುರ ಕಾಣುತ್ತದೆ. ಕಣ್ಣು ಮುಚ್ಚಿಕೊಂಡು ಕೋವಿಯನ್ನು ಹೆಗಲಿಗೆ ತರುತ್ತಿದ್ದೆ. ಕಣ್ಣು ಬಿಟ್ಟ ಕೂಡಲೇ ಪೂರ್ತಿ ಚಿತ್ರ ಕಾಣುವವರೆಗೆ ಸ್ಕೋಪನ್ನು ಹಿಂದೆ ಮುಂದೆ ಸರಿಸಿದೆ. ಆಮೇಲೆ ಸ್ಕೋಪನ್ನು ಹಿಡಿದಿಡುವ ಲೋಹದ ಉಂಗುರಗಳ ಸ್ಕ್ರೂ ಬಿಗಿದೆ. ಕೈ ಅಂದಾಜಿನಲ್ಲಿ ಅಲ್ಲ, ಬಿಗಿತ ಅಳೆಯುವ ಟಾರ್ಕ್ ಡ್ರೈವರ್ ತೆಗೆದುಕೊಂಡು, ಕಂಪನಿ ಹೇಳಿದ ಅಳತೆಗೆ. ಜಾಸ್ತಿ ಬಿಗಿದರೆ ಕೊಳವೆ ನೆಗ್ಗುತ್ತದೆ, ಕಡಿಮೆಯಾದರೆ ಒದೆತಕ್ಕೆ ಜಾರುತ್ತದೆ.

ಇನ್ನು ತೋಟಾ. ಇಲ್ಲಿ ನಾನು ಮಾಡಿದ ತಪ್ಪು ಇನ್ನೂ ದೊಡ್ಡದು. ಅಭ್ಯಾಸಕ್ಕೆ ಅಗ್ಗದ, ಪೂರ್ತಿ ಲೋಹದ ಹೊದಿಕೆಯ ಗುಂಡು ತಂದಿದ್ದೆ. ಅದು ಬೀಳುವ ಜಾಗಕ್ಕೇ ಗೆರೆ ಬರುವಂತೆ ಸ್ಕೋಪ್ ಹೊಂದಿಸಿದೆ. ಅಂಥ ಗುಂಡು ಅರಳದೆ ತೂರಿಕೊಂಡು ಹೋಗುವುದರಿಂದ ಜಿಂಕೆಗೆ ಸಲ್ಲದು, ಹಲವು ರಾಜ್ಯಗಳ ಕಾನೂನೂ ಬಿಡುವುದಿಲ್ಲ. ಅದು ಗೊತ್ತಿದ್ದರಿಂದ ಸೀಸನ್ನಿನ ದಿನ 165 ಗ್ರೇನ್ (ಗ್ರೇನ್ ಎಂದರೆ ಗುಂಡಿನ ತೂಕದ ಅಳತೆ) ಬೇಟೆಯ ತೋಟಾ ತುಂಬಿಕೊಂಡು ಹೋದೆ. ಅದನ್ನು ಕಾಗದದ ಮೇಲೆ ಒಂದು ಸಲವೂ ಹೊಡೆದು ನೋಡಿರಲಿಲ್ಲ. ಎಲ್ಲ .308 ತಾನೇ, ಒಂದೇ ಕಡೆ ಬೀಳುತ್ತದೆ ಎಂದುಕೊಂಡಿದ್ದೆ. ಬೀಳುವುದಿಲ್ಲ. ತೂಕ ಬೇರೆ, ಮದ್ದು ಬೇರೆ, ನಳಿಗೆ ನಡುಗುವ ರೀತಿಯೇ ಬೇರೆ. ಆಮೇಲೆ ರೇಂಜಿಗೆ, ಅಂದರೆ ಗುರಿ ಅಭ್ಯಾಸದ ಮೈದಾನಕ್ಕೆ ಹೋಗಿ ನೋಡಿದರೆ 100 ಗಜದಲ್ಲಿ ಆ ತೋಟಾ ಮೂರು ಇಂಚು ಪಕ್ಕಕ್ಕೆ, ಎರಡು ಇಂಚು ಕೆಳಗೆ ಬೀಳುತ್ತಿತ್ತು. 130 ಗಜದಲ್ಲಿ ಅದು ಇನ್ನೂ ಹೆಚ್ಚು. ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗ ಸುಮಾರು ಎಂಟು ಇಂಚಿನ ಒಂದು ವೃತ್ತ. ಮಬ್ಬಿನಲ್ಲಿ ಇಟ್ಟ ಗುರಿ, ಜೊತೆಗೆ ಈ ತಪ್ಪು. ಹೊಟ್ಟೆಗೆ ಬಿದ್ದದ್ದರಲ್ಲಿ ಆಶ್ಚರ್ಯವೇ ಇಲ್ಲ.

ಮಾಂಸದ ವಿಚಾರವೂ ಒಂದಿತ್ತು. ಆ ಜಿಂಕೆಯಲ್ಲಿ ಉಳಿದಷ್ಟು ಮಾಂಸ ಮನೆಗೆ ತಂದೆ. ಈ ಕಾಡಿನ ಜಿಂಕೆಗಳಲ್ಲಿ 2002ರಿಂದ ಸಿಡಬ್ಲ್ಯುಡಿ ಎಂಬ ಮೆದುಳಿನ ರೋಗ ಕಾಣಿಸಿಕೊಂಡಿದೆ. ರಾಜ್ಯದವರು ಉಚಿತವಾಗಿ ಪರೀಕ್ಷೆ ಮಾಡಿಕೊಡುತ್ತಾರೆ. ಫಲಿತಾಂಶ ಬಂದು, ರೋಗ ಇಲ್ಲವೆಂದು ತಿಳಿದ ಮೇಲೆಯೇ ಅಡುಗೆಗೆ ತೆಗೆದೆವು. ಊರಿಂದ ತಂದ ಕಾಚಂಪುಳಿ ಎಂಬ ಕೊಡಗಿನ ಹುಳಿ ಹಾಕಿ ಸಾರು ಮಾಡುವುದೆಂದು ಆಗಿತ್ತು. ಮಾಂಸ ತೊಳೆಯುತ್ತಿದ್ದ ಹೆಂಡತಿ ಕರೆದಳು. "ರೀ, ಇಲ್ಲಿ ನೋಡಿ. ಇದೇನಿದು ಬೂದು ಬಣ್ಣದ ಚೂರು?"

ಸೀಸ. ಅಕ್ಕಿಕಾಳಿನ ಅರ್ಧದಷ್ಟಿತ್ತು. ನಮ್ಮ ಮಗಳಿಗೆ ಆಗ ನಾಲ್ಕು ವರ್ಷ. ಆ ಭಾಗವನ್ನೆಲ್ಲ ಎಸೆದೆವು. ಮೆತ್ತನೆ ತುದಿಯ ಸೀಸದ ಗುಂಡು ಅಣಬೆಯಂತೆ ಅರಳುವಾಗ ಚೂರುಗಳನ್ನೂ ಉದುರಿಸುತ್ತದೆ. ಕೆಲವು ಕಣ್ಣಿಗೆ ಕಾಣುವುದೇ ಇಲ್ಲ, ಗಾಯದಿಂದ ಬಹಳ ದೂರವೂ ಹೋಗಿರುತ್ತವೆ. 2008ರಲ್ಲಿ ನಾರ್ತ್ ಡಕೋಟ ಮತ್ತು ಮಿನ್ನೆಸೋಟದಲ್ಲಿ ಬಡವರಿಗೆಂದು ದಾನ ಕೊಟ್ಟ ಜಿಂಕೆ ಮಾಂಸವನ್ನು ಪರೀಕ್ಷೆ ಮಾಡಿದಾಗ ಸೀಸದ ಚೂರು ಸಿಕ್ಕಿದ್ದವು. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ. ಕಾಡಿನಲ್ಲಿ ಬಿಟ್ಟುಬರುವ ಕರುಳು ತಿಂದು ಹದ್ದುಗಳೂ ಸಾಯುತ್ತವೆ. ಕ್ಯಾಲಿಫೋರ್ನಿಯದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ. ಇಲ್ಲಿ ಹಾಗೇನಿಲ್ಲ. ಆದರೆ ಸೀಸ ಬೇಡವೆಂದು ನಮ್ಮ ಅಡುಗೆಮನೆಯಲ್ಲಿ ಅಂದೇ ತೀರ್ಮಾನವಾಯಿತು.

ಆದರೂ ಸೀಸವಿಲ್ಲದ ತಾಮ್ರದ ಗುಂಡನ್ನು ಸುಮ್ನೆ ತಂದು ತುಂಬಲಿಲ್ಲ. ನನ್ನ ಕೋವಿಗೆ ಅದು ಒಗ್ಗಬೇಕಲ್ವಾ? ಮೂರು ಬಗೆ ತಂದೆ. 150 ಗ್ರೇನ್ ಸಾಮಾನ್ಯ ಮೆತ್ತನೆ ತುದಿಯದು, 165 ಗ್ರೇನ್‌ನ ಬಾಂಡೆಡ್ ಅಂದರೆ ಸೀಸಕ್ಕೆ ಹೊದಿಕೆ ಬೆಸೆದದ್ದು, ಮತ್ತೆ 150 ಗ್ರೇನ್ ಪೂರ್ತಿ ತಾಮ್ರದ್ದು. 150 ಗ್ರೇನ್ ಅಂದರೆ 10 ಗ್ರಾಂಗಿಂತ ಸ್ವಲ್ಪ ಕಡಿಮೆ. ರೇಂಜಿನಲ್ಲಿ 100 ಗಜಕ್ಕೆ ಕಾಗದ ಕಟ್ಟಿ, ಮರಳು ಚೀಲದ ಮೇಲೆ ಕೋವಿ ಇಟ್ಟು, ಒಂದೊಂದು ಬಗೆಯಲ್ಲಿ ಮೂರು ಮೂರು ಈಡು ಹೊಡೆದೆ. ಪ್ರತಿ ಮೂರಕ್ಕೆ ನಳಿಗೆ ತಣ್ಣಗಾಗಲು ಹತ್ತು ನಿಮಿಷ ಬಿಟ್ಟೆ. ಒಂದು ಬಗೆಯಿಂದ ಇನ್ನೊಂದಕ್ಕೆ ಹೋಗುವಾಗ ನಳಿಗೆ ಒರೆಸಿದೆ. ಹೀಗೆ ಎರಡು ಶನಿವಾರ.

ಸಾಮಾನ್ಯ ಗುಂಡಿನ ಮೂರು ತೂತು ಎರಡೂಕಾಲು ಇಂಚಿನಲ್ಲಿ ಹರಡಿದವು. ಬಾಂಡೆಡ್ ಒಂದು ಇಂಚಿನಲ್ಲಿ ಕೂತಿತು. ತಾಮ್ರದ್ದು ಒಂದೂವರೆ ಇಂಚು. ಕಾಗದದ ಮೇಲೆ ಗೆದ್ದದ್ದು ಬಾಂಡೆಡ್. ನಾನು ತೆಗೆದುಕೊಂಡದ್ದು ತಾಮ್ರ. ಎಂಟು ಇಂಚಿನ ಜಾಗಕ್ಕೆ ಒಂದೂವರೆ ಇಂಚು ಧಾರಾಳ ಸಾಕು. ಅರ್ಧ ಇಂಚಿನ ನಿಖರತೆಗಿಂತ ಮಗಳ ತಟ್ಟೆ ನನಗೆ ಮುಖ್ಯವಾಗಿತ್ತು. ತಾಮ್ರದ ಗುಂಡು ತುದಿಯಲ್ಲಿ ಹೂವಿನ ಎಸಳಿನಂತೆ ಬಿಚ್ಚಿಕೊಳ್ಳುತ್ತದೆ, ಚೂರಾಗುವುದು ತೀರಾ ಕಡಿಮೆ. ಆದರೆ ಅದು ಬಿಚ್ಚಿಕೊಳ್ಳಲು ವೇಗ ಬೇಕು. ತುಂಬ ದೂರದಲ್ಲಿ, ವೇಗ ಕುಗ್ಗಿದ ಮೇಲೆ, ಸರಿಯಾಗಿ ಅರಳದೆ ಹೋಗಬಹುದು. ಅದಕ್ಕೇ ತೂಕ ಹೆಚ್ಚಿಸದೆ 150ರಲ್ಲೇ ನಿಂತೆ. ನಳಿಗೆಯ ಬಾಯಲ್ಲಿ ಸೆಕೆಂಡಿಗೆ ಸುಮಾರು 2,800 ಅಡಿ ವೇಗ. 200 ಗಜದೊಳಗೆ ಚಿಂತೆಯಿಲ್ಲ. ಅದರಾಚೆ ನಾನು ಹೊಡೆಯುವುದೂ ಇಲ್ಲ. ಬೆಲೆ ಹೆಚ್ಚು, ನಿಜ. ವರ್ಷಕ್ಕೆ ಬೇಕಾಗುವುದು ಎರಡು ಪೆಟ್ಟಿಗೆ. ಒಂದೇ ಲಾಟ್ ನಂಬರಿನ, ಅಂದರೆ ಕಾರ್ಖಾನೆಯಲ್ಲಿ ಒಂದೇ ಕಂತಿನಲ್ಲಿ ತಯಾರಾದ ಎರಡು ಪೆಟ್ಟಿಗೆ ಹುಡುಕಿ ತಂದೆ. ಅಭ್ಯಾಸಕ್ಕೂ ಅದೇ, ಕಾಡಿಗೂ ಅದೇ.

ಆಮೇಲೆ ಸ್ಕೋಪ್ ಹೊಂದಿಸಿದೆ. ಮೊದಲು ಬೋಲ್ಟ್ ತೆಗೆದು, ನಳಿಗೆಯೊಳಗಿಂದಲೇ 25 ಗಜದ ಗುರಿ ನೋಡಿ ಗೆರೆಯನ್ನು ಅಲ್ಲಿಗೆ ತಂದೆ. ನಂತರ 100 ಗಜ. ಗೆರೆ ಸರಿಸುವ ಸ್ಕೋಪಿನ ತಿರುಪಿನ ಒಂದು ಕ್ಲಿಕ್ ಎಂದರೆ 100 ಗಜದಲ್ಲಿ ಕಾಲು ಇಂಚು. ತೂತುಗಳ ಗುಂಪಿನ ನಡುವನ್ನು ಅಳೆದು ಕ್ಲಿಕ್ ಎಣಿಸಿದರಾಯಿತು. ಒಂದೇ ತೂತು ನೋಡಿ ತಿರುಗಿಸಬಾರದು. 100 ಗಜದಲ್ಲಿ ಒಂದೂವರೆ ಇಂಚು ಮೇಲೆ ಬೀಳುವಂತೆ ಇಟ್ಟೆ. 200ರಲ್ಲಿ ಹೊಡೆದು ನೋಡಿದರೆ ಸುಮಾರು ಒಂದು ಇಂಚು ಕೆಳಗೆ. ಅಂದರೆ ಕಾಡಿನಲ್ಲಿ ದೂರದ ಲೆಕ್ಕ ಹಾಕುತ್ತ ಕೂರಬೇಕಿಲ್ಲ, ಭುಜದ ಹಿಂದೆ ನೇರ ಗುರಿ ಇಟ್ಟರೆ ಸಾಕು. ಕೊನೆಗೆ ಸ್ಕೋಪಿನ ಪರೀಕ್ಷೆ. 12 ಕ್ಲಿಕ್ ಮೇಲೆ, 12 ಬಲಕ್ಕೆ, 12 ಕೆಳಗೆ, 12 ಎಡಕ್ಕೆ ತಿರುಗಿಸುತ್ತ ಒಂದೊಂದು ಈಡು ಹೊಡೆದೆ. ಮೂರು ಇಂಚಿನ ಚೌಕ ಮೂಡಿತು. ಕೊನೆಯದು ಹೊರಟ ಜಾಗಕ್ಕೇ ಬಂತು. ಬರದಿದ್ದರೆ ಅಂದೇ ವಾಪಸ್ ಕೊಡುತ್ತಿದ್ದೆ.

ಚಳಿಯ ಬಗ್ಗೆ ಒಂದು ಮಾತು. ಹೊರಗೆ ಸೊನ್ನೆಗಿಂತ 12 ಡಿಗ್ರಿ ಕೆಳಗಿರುವಾಗ ಕೋವಿಯನ್ನು ಬೆಚ್ಚಗಿನ ಮನೆಯೊಳಗೆ ತಂದರೆ ಗಾಜಿನ ಮೇಲೆಲ್ಲ ಮಂಜು ಕೂರುತ್ತದೆ. ಅದಕ್ಕೆ ತೋಟಾ ತೆಗೆದು, ಪೆಟ್ಟಿಗೆಗೆ ಬೀಗ ಹಾಕಿ, ಬಿಸಿಯಿಲ್ಲದ ಗರಾಜಿನಲ್ಲೇ ಇಡುತ್ತೇನೆ. ಕಾಡಿನಲ್ಲಿ ಕೂತಾಗ ಉಸಿರು ಗಾಜಿಗೆ ತಾಗದಂತೆ ಮುಖ ಪಕ್ಕಕ್ಕೆ ತಿರುಗಿಸಿ ಉಸಿರಾಡುವುದನ್ನೂ ರೂಢಿ ಮಾಡಿಕೊಂಡೆ.

ಎರಡನೇ ವರ್ಷ, ಮೊದಲ ಶನಿವಾರ. ಹೊತ್ತು ಹುಟ್ಟಿ ಹತ್ತು ನಿಮಿಷವಾಗಿತ್ತು. ಜಿಂಕೆ 85 ಗಜದಲ್ಲಿ ಅಡ್ಡ ನಿಂತಿತ್ತು. ಸ್ಕೋಪ್ 4ರಲ್ಲಿತ್ತು. ಭುಜ ಕಾಣುತ್ತಿತ್ತು, ಅದರ ಹಿಂದಿನ ಮಡಿಕೆಯೂ ಕಾಣುತ್ತಿತ್ತು. ಟ್ರಿಗರ್ ಎಳೆದೆ. ಅದು ಮೂವತ್ತು ಹೆಜ್ಜೆ ಓಡಿ ಕಣ್ಣೆದುರೇ ಬಿತ್ತು. ಅರ್ಧ ತಾಸು ಕಾದು ಹತ್ತಿರ ಹೋದೆ. ಗುಂಡು ಎರಡೂ ಶ್ವಾಸಕೋಶ ದಾಟಿ ಆಚೆ ಹೋಗಿತ್ತು. ಪಕ್ಕದಲ್ಲಿ ಕೂತು ಅದರ ಕತ್ತಿನ ಮೇಲೆ ಕೈಯಿಟ್ಟೆ. ಸ್ವಲ್ಪ ಹೊತ್ತು ಹಾಗೇ ಇದ್ದೆ.

ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಕಾಚಂಪುಳಿ ಹಾಕಿದ ಸಾರು ಆಯಿತು. ಮಗಳು ಎರಡು ಸಲ ಹಾಕಿಸಿಕೊಂಡಳು. ಆ ಲಾಟಿನ 13 ತೋಟಾ ಇನ್ನೂ ಉಳಿದಿವೆ. ಈ ಅಕ್ಟೋಬರ್‌ನಲ್ಲಿ ಅದರಲ್ಲಿ ಮೂರನ್ನು ಮತ್ತೆ ಕಾಗದಕ್ಕೆ ಹೊಡೆದು ನೋಡುತ್ತೇನೆ. ಹೋದ ತಿಂಗಳು ಕಾರಿನ ಹಿಂಭಾಗದಲ್ಲಿ ಸಾಮಾನಿಡುವ ಜಾಗದಲ್ಲಿದ್ದ ಕೋವಿ ಒಮ್ಮೆ ಜೋರಾಗಿ ಜಾರಿತ್ತು.