ಮೈ ಕಟ್ಟುವಾಗ ಕಾರ್ಡಿಯೋ: ಎಷ್ಟು ಮಾಡಬೇಕು, ಯಾವಾಗ ಮಾಡಬೇಕು

ಸೈಜ್ ಮಾಡಬೇಕು ಅಂತ ಜಿಮ್ಮಿಗೆ ಸೇರುವ ಹುಡುಗರು ಮೊದಲ ವಾರದಲ್ಲೇ ಕೇಳುತ್ತಾರೆ: "ಅಣ್ಣಾ, ಓಡಿದ್ರೆ ಬಾಡಿ ಇಳಿದು ಹೋಗ್ತೈತಂತ, ಹೌದೇನು?" ಬಳ್ಳಾರಿಯ ಕೌಲ್‌ಬಜಾರ್ ಕಡೆ ಒಂದು ಸಣ್ಣ ಜಿಮ್ಮಿನಲ್ಲಿ ಕೋಚ್ ಆಗಿದ್ದೇನೆ. ಎಲ್ಲರಿಗೂ ಒಂದೇ ಉತ್ತರ ಕೊಡುತ್ತೇನೆ. ಇಳಿಯೋದಿಲ್ಲ. ಕಾರ್ಡಿಯೋ, ಅಂದರೆ ಓಟ, ಸೈಕಲ್, ಬಿರುಸಿನ ನಡಿಗೆಯಂಥ ಉಸಿರು ಏರಿಸುವ ವ್ಯಾಯಾಮ, ವಾರಕ್ಕೆ ಎರಡು ಮೂರು ಸಲ, ಒಂದೊಂದು ಸಲಕ್ಕೆ 20ರಿಂದ 30 ನಿಮಿಷ ಮಾಡಿ. ಖರ್ಚಾದಷ್ಟನ್ನು ತಿಂದು ತುಂಬಿಕೊಳ್ಳಿ. ಇದಕ್ಕಿಂತ ಹೆಚ್ಚು ಬೇಕೋ, ಕಡಿಮೆ ಸಾಕೋ ಅನ್ನೋದನ್ನು ನೀವು ಹಗಲೆಲ್ಲ ಮಾಡುವ ಕೆಲಸ ನೋಡಿ ತೀರ್ಮಾನ ಮಾಡಬೇಕು.

ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. 1980ರಲ್ಲಿ ಅಮೆರಿಕದ ರಾಬರ್ಟ್ ಹಿಕ್ಸನ್ ಎಂಬ ಸಂಶೋಧಕರು ಮೂರು ಗುಂಪುಗಳಿಗೆ 10 ವಾರ ತರಬೇತಿ ಕೊಟ್ಟು ನೋಡಿದರು. ಒಂದು ಗುಂಪು ವಾರಕ್ಕೆ 5 ದಿನ ಬರೀ ವೇಟ್ ಎತ್ತಿತು. ಇನ್ನೊಂದು 6 ದಿನ ಬರೀ ಓಟ, ಸೈಕಲ್. ಮೂರನೆಯದು ಎರಡನ್ನೂ ಮಾಡಿತು. ಏಳೆಂಟು ವಾರದ ತನಕ ಮೂರನೇ ಗುಂಪಿನವರ ಕಾಲಿನ ಬಲವೂ ವೇಟ್ ಎತ್ತುವವರ ಜೊತೆಗೇ ಏರಿತು. ಆಮೇಲೆ ನಿಂತಿತು, ಕೊನೆಗೆ ಇಳಿಯಿತು. ಕಾರ್ಡಿಯೋ ಮಸಲ್ ತಿನ್ನುತ್ತೆ ಅನ್ನೋ ಮಾತು ಜಿಮ್ಮುಗಳಲ್ಲಿ ಬೇರು ಬಿಟ್ಟಿದ್ದರ ಹಿಂದೆ ಈ ಪ್ರಯೋಗ ಇದೆ. ಆದರೆ ಆ ಮೂರನೇ ಗುಂಪು ಎಷ್ಟು ಮಾಡುತ್ತಿತ್ತು ನೋಡಿ: ವಾರಕ್ಕೆ ಐದು ದಿನ ವೇಟ್, ಅದರ ಮೇಲೆ ಆರು ದಿನ ಏದುಸಿರು ಬರುವಂಥ ಓಟ, ಸೈಕಲ್. ನಮ್ಮ ಜಿಮ್ಮಿಗೆ ಬರುವ ಯಾರೂ ಅದರ ಅರ್ಧ ಕೂಡ ಮಾಡೋದಿಲ್ಲ. ಆಮೇಲೆ ಬಂದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2022ರಲ್ಲಿ ಒಂದು ವಿಶ್ಲೇಷಣೆ ಪ್ರಕಟವಾಯಿತು. ಎರಡನ್ನೂ ಮಾಡಿದವರ ಮಸಲ್ ಬೆಳವಣಿಗೆಗಾಗಲಿ, ಗರಿಷ್ಠ ಬಲಕ್ಕಾಗಲಿ ಪೆಟ್ಟು ಬಿದ್ದದ್ದು ಕಾಣಲಿಲ್ಲ. ಜಿಗಿತದಂಥ ಸ್ಫೋಟಕ ಶಕ್ತಿ ಮಾತ್ರ ಸ್ವಲ್ಪ ಕಮ್ಮಿಯಾಗಿತ್ತು, ಅದೂ ಹೆಚ್ಚಾಗಿ ಎರಡನ್ನೂ ಒಂದೇ ಹೊತ್ತಿನಲ್ಲಿ ಮಾಡಿದವರಲ್ಲಿ.

ಇನ್ನು ಕೆಲಸದ ವಿಷಯ. ನಮ್ಮ ಏರಿಯಾದಲ್ಲಿ ಜೀನ್ಸ್ ಹೊಲಿಯುವ ಹುಡುಗರು ಬಹಳ. ಬೆಳಿಗ್ಗೆ ಮಷಿನ್ ಮುಂದೆ ಕೂತರೆ ಊಟಕ್ಕೆ ಏಳ್ತಾರೆ, ಮತ್ತೆ ಕೂತರೆ ರಾತ್ರಿಗೆ ಏಳ್ತಾರೆ. ಪಾದ ಪೆಡಲ್ ಮೇಲೆ ಆಡುತ್ತೆ ಅಷ್ಟೇ. ಇಂಥವರು ಸ್ಕ್ವಾಟ್, ಅಂದರೆ ಭುಜದ ಮೇಲೆ ಬಾರ್ ಹೊತ್ತು ಕೂತು ಏಳುವುದು, ಮಾಡುವಾಗ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಆರನೇ ರೆಪ್ಸ್‌ಗೆ (ಆರನೇ ಸಲ ಕೂತು ಎದ್ದಾಗ) ಬಾಯಿ ತೆರೆಯುತ್ತೆ, ಎಂಟಕ್ಕೆ ಭುಜ ಮೇಲೆ ಕೆಳಗೆ ಆಗುತ್ತೆ, ಬಾರ್ ರ‍್ಯಾಕಿಗೆ ಇಟ್ಟು ಮೊಣಕಾಲು ಹಿಡಿದು ಬಗ್ಗುತ್ತಾರೆ. ತೊಡೆ ನೋಡಿದರೆ ಇನ್ನೂ ನಡುಗಿರೋದೇ ಇಲ್ಲ! ಕಾಲಲ್ಲಿ ಇನ್ನೂ ಮೂರು ರೆಪ್ಸ್ ಬಾಕಿ ಇರುವಾಗಲೇ ದಮ್ಮು ಖಾಲಿ. ಹೀಗೆ ಅರ್ಧಕ್ಕೇ ನಿಂತ ಸೆಟ್ಟಿನಿಂದ (ನಡುವೆ ನಿಲ್ಲಿಸದೆ ಮಾಡುವ ಒಂದು ಸುತ್ತಿನಿಂದ) ತೊಡೆ ಬೆಳೆಯೋದು ಹೇಗೆ? ಇವರಿಗೆ ನಾನು ವಾರಕ್ಕೆ ಮೂರು ಕಾರ್ಡಿಯೋ ಕಡ್ಡಾಯ ಮಾಡುತ್ತೇನೆ. ಒಂದೆರಡು ತಿಂಗಳಲ್ಲಿ ಅದೇ ಹುಡುಗ ಸೆಟ್ಟುಗಳ ನಡುವೆ ಬೇಗ ಸುಧಾರಿಸಿಕೊಳ್ಳುತ್ತಾನೆ, ಅದೇ ಒಂದು ಗಂಟೆಯಲ್ಲಿ ಹೆಚ್ಚು ಕೆಲಸ ಮಾಡುತ್ತಾನೆ. ಸೈಜ್ ಬರೋದು ಆ ಹೆಚ್ಚಿನ ಕೆಲಸದಿಂದಲೇ.

ರಾಯಚೂರು ಎಪಿಎಂಸಿಯಲ್ಲಿ ಹತ್ತಿ ಅಂಡಿಗೆ ಹೊರುವ ನಮ್ಮ ಭಾವ ಕೇಳಿದರೆ ಉತ್ತರವೇ ಬೇರೆ. ಸೀಸನ್ನಿನಲ್ಲಿ ಅವರ ಎದೆಬಡಿತ ಹಗಲೆಲ್ಲ ಮೇಲೇ ಇರುತ್ತೆ. ಭತ್ತದ ನಾಟಿ, ಕಟಾವಿನ ದಿನಗಳಲ್ಲಿ ಗದ್ದೆಗೆ ಇಳಿಯುವ ಸಿಂಧನೂರು, ಗಂಗಾವತಿ ಕಡೆಯ ಹುಡುಗರದೂ ಅದೇ ಕಥೆ. ಅವರಿಗೆ ಬೇರೆ ಕಾರ್ಡಿಯೋ ಬೇಕಿಲ್ಲ. ಬೇಕಾದದ್ದು ಊಟ, ನಿದ್ದೆ, ವಾರಕ್ಕೆ ಮೂರು ದಿನ ವೇಟ್.

ವೇಗ ಎಷ್ಟಿರಬೇಕು? ಪಕ್ಕದವನ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಬರಬೇಕು, ಹಾಡು ಹೇಳಲು ಬರಬಾರದು. ಇದಕ್ಕೆ ವಾಚ್ ಬೇಡ, ಆ್ಯಪ್ ಬೇಡ. ಹುಚ್ಚು ವೇಗದ ಇಂಟರ್ವಲ್ (ಸ್ವಲ್ಪ ಹೊತ್ತು ಜೋರಾಗಿ, ಸ್ವಲ್ಪ ಹೊತ್ತು ನಿಧಾನವಾಗಿ, ಮತ್ತೆ ಜೋರಾಗಿ ಮಾಡುವುದು) ಬೇಕೇ ಬೇಕು ಅನ್ನುವವರು ವಾರಕ್ಕೆ ಒಂದು ಸಲ ಮಾಡಿ, ಸಾಕು.

ಮೈ ಕಟ್ಟುವವರಿಗೆ ನಾನು ಮೊದಲು ಹೇಳೋದು ಸೈಕಲ್, ಇಲ್ಲವೇ ಟ್ರೆಡ್‌ಮಿಲ್ ಮುಂಭಾಗ ಏರಿಸಿಕೊಂಡು ಬಿರುಸಿನ ನಡಿಗೆ. ಓಟದಲ್ಲಿ ಪ್ರತಿ ಹೆಜ್ಜೆಗೂ ಕಾಲಿಗೆ ಪೆಟ್ಟು ಬೀಳುತ್ತೆ, ಅದು ಸುಧಾರಿಸಲು ಸಮಯ ಬೇಕು, ಅಷ್ಟರಲ್ಲಿ ಲೆಗ್ ಡೇ (ಕಾಲಿಗೆ ವೇಟ್ ಮಾಡುವ ದಿನ) ಬಂದಿರುತ್ತೆ. ಓಟ ಇಷ್ಟ ಇದ್ದರೆ ಓಡಿ, ಆದರೆ ಲೆಗ್ ಡೇಯ ಹಿಂದಿನ ದಿನ ಬೇಡ. ಮೆಟ್ಟಿಲು ಹತ್ತುವವರಿಗೂ ಒಂದು ಮಾತು. ಶನಿವಾರ ಬಂತೆಂದರೆ ಅಂಜನಾದ್ರಿಗೆ ಹೋಗುವ ಹುಡುಗರು ನಮ್ಮಲ್ಲಿದ್ದಾರೆ. 575 ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತೆ ನಿಜ, ಎರಡು ದಿನ ಕಾಲು ಹಿಡಿದುಕೊಳ್ಳೋದು ಮಾತ್ರ ಇಳಿದದ್ದಕ್ಕೆ. ಇಳಿಯುವಾಗ ತೊಡೆಯ ಮುಂಭಾಗ ಹಿಗ್ಗುತ್ತಲೇ ಭಾರ ತಡೆಯಬೇಕು, ನೋವು ಮರುದಿನ, ಅದರ ಮರುದಿನ ಕಾಣಿಸಿಕೊಳ್ಳುತ್ತೆ. ಶನಿವಾರ ಗುಡ್ಡ ಹತ್ತಿದವರು ಸ್ಕ್ವಾಟನ್ನು ಮಂಗಳವಾರಕ್ಕೆ ಇಟ್ಟುಕೊಳ್ಳಿ.

ಒಂದೇ ದಿನ ಎರಡೂ ಮಾಡುವುದಿದ್ದರೆ ವೇಟ್ ಮೊದಲು, ಕಾರ್ಡಿಯೋ ಆಮೇಲೆ. ಬೆಳಿಗ್ಗೆ ಒಂದು, ಸಂಜೆ ಒಂದು ಮಾಡಿ ನಡುವೆ ಆರು ತಾಸು ಬಿಟ್ಟರೆ ಇನ್ನೂ ಒಳ್ಳೇದು. ಶುರುವಿಗೆ ಮೈ ಬಿಸಿ ಮಾಡಲು ಐದು ನಿಮಿಷ ಸೈಕಲ್ ತುಳಿಯೋದನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ.

ಈಗ ಊಟ. ಕಾರ್ಡಿಯೋದಿಂದ ಸಣ್ಣಗಾದೆ ಅನ್ನುವ ಹುಡುಗನನ್ನು ಕೂರಿಸಿ ನಿನ್ನೆ ಏನೇನು ತಿಂದೆ ಅಂತ ಕೇಳಿದರೆ ಉತ್ತರ ಅಲ್ಲೇ ಸಿಗುತ್ತೆ. ಬೆಳಿಗ್ಗೆ ಒಗ್ಗರಣಿ ಮಿರ್ಚಿ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಎರಡು ರೊಟ್ಟಿ. ಓಡಿದರೆ ಎಷ್ಟು ಖರ್ಚು ಅಂತ ತಿಳಿಯಲು ಸುಲಭದ ಲೆಕ್ಕವಿದೆ: ಒಂದು ಕಿಲೋಮೀಟರಿಗೆ, ಮೈತೂಕದ ಒಂದೊಂದು ಕಿಲೋಗೆ, ಹತ್ತಿರ ಹತ್ತಿರ ಒಂದು ಕ್ಯಾಲರಿ. 70 ಕಿಲೋ ಇರುವವರು 5 ಕಿಲೋಮೀಟರ್ ಓಡಿದರೆ ಸುಮಾರು 350. ಅದು 60 ಗ್ರಾಂ ಶೇಂಗಾ, ಅಂದರೆ ಎರಡು ಮುಷ್ಟಿ. ಅಷ್ಟೇ ನೋಡಿ! ಎರಡು ಮುಷ್ಟಿ ಶೇಂಗಾ ತಿನ್ನದೆ ಓಟದ ಮೇಲೆ ತಪ್ಪು ಹೊರಿಸುತ್ತಾರೆ.

ಪ್ರೋಟೀನ್ ಮೈತೂಕದ ಕಿಲೋಗೆ 1.6 ಗ್ರಾಂ ಹಿಡಿಯಿರಿ. 70 ಕಿಲೋದವರಿಗೆ 112 ಗ್ರಾಂ. ಪೌಡರ್ ಡಬ್ಬಿ ಕೊಳ್ಳಲು ದುಡ್ಡಿಲ್ಲ ಅಂತ ಬೇಜಾರಾಗುವವರಿಗೆ ನಾನು ಚೀಟಿಯಲ್ಲಿ ಬರೆದುಕೊಡುವ ಲೆಕ್ಕ ಹೀಗಿರುತ್ತೆ: ನಾಲ್ಕು ಮೊಟ್ಟೆಯಿಂದ 25 ಗ್ರಾಂ, ಅರ್ಧ ಲೀಟರ್ ಹಾಲಿನಿಂದ 16, 50 ಗ್ರಾಂ ಸೋಯಾ ಚಂಕ್ಸ್‌ನಿಂದ 26, ಒಣಗಿದ್ದಾಗ ತೂಗಿದ 50 ಗ್ರಾಂ ಹೆಸರುಕಾಳಿನಿಂದ 12, ಆ ಎರಡು ಮುಷ್ಟಿ ಶೇಂಗಾದಿಂದ 15, 200 ಗ್ರಾಂ ಹಿಟ್ಟಿನ ಜೋಳದ ರೊಟ್ಟಿಯಿಂದ 20. ಒಟ್ಟು 114. ಎಲ್ಲವೂ ಬೀದಿ ಕೊನೆಯ ಕಿರಾಣಿ ಅಂಗಡಿಯಲ್ಲೇ ಸಿಗುತ್ತೆ. ಮೊಟ್ಟೆ ತಿನ್ನದವರು ಹಾಲು, ಮೊಸರು, ಕಾಳು ಹೆಚ್ಚಿಸಿ. ಒಗ್ಗರಣಿ ಮಿರ್ಚಿ ಬಿಡಿ ಅಂತ ಬಳ್ಳಾರಿಯಲ್ಲಿ ಯಾರಿಗೂ ಹೇಳಲಾರೆ. ಅದನ್ನು ತಿಂದು ಊಟ ಬಿಡಬೇಡಿ ಅನ್ನುತ್ತೇನೆ.

ಬೇಸಿಗೆಗೆ ಬೇರೆ ನಿಯಮ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತೆ. ಆಗ ಹೊರಗಿನ ಕಾರ್ಡಿಯೋ ಸೂರ್ಯ ಏರುವ ಮುಂಚೆ ಮುಗಿಯಬೇಕು. ಸಂಜೆ ಆರಕ್ಕೂ ರಸ್ತೆ, ಬಂಡೆ ಕಾವು ಬಿಟ್ಟಿರೋದಿಲ್ಲ. ಮಾಡುವ ಮುಂಚೆ, ಮಾಡಿದ ಮೇಲೆ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಅದು ಕೊಬ್ಬಲ್ಲ, ಒಂದು ಲೀಟರ್ ನೀರು. ಅದಕ್ಕಿಂತ ತುಸು ಹೆಚ್ಚೇ ನೀರು, ಉಪ್ಪು ಹಾಕಿದ ಮಜ್ಜಿಗೆ, ಒಂದೆರಡು ತಾಸಿನಲ್ಲಿ ಕುಡಿಯಿರಿ. ಬೆವರು ಜಾಸ್ತಿ ಬರಲಿ ಅಂತ ಜರ್ಕಿನ್ ಹಾಕಿಕೊಂಡು ಓಡುವವರನ್ನು ಕಂಡರೆ ದಯವಿಟ್ಟು ನಿಲ್ಲಿಸಿ. ಜೀವಕ್ಕೆ ಅಪಾಯ.

ಪೊಲೀಸ್ ಕಾನ್‌ಸ್ಟೆಬಲ್‌ಗೆ ತಯಾರಾಗುವ ಹುಡುಗರಿಗೆ ಮೇಲಿನ ಲೆಕ್ಕ ಸಾಲದು. 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಓಡಬೇಕು, ಅಂದರೆ 400 ಮೀಟರಿನ ಒಂದೊಂದು ಸುತ್ತಿಗೆ 97 ಸೆಕೆಂಡ್. ಗುಂಡೂ ಎಸೆಯಬೇಕು, ಜಿಗಿಯಲೂ ಬೇಕು. ಮೈ ಕಟ್ಟುವ ಕೆಲಸವನ್ನು ನೋಟಿಫಿಕೇಶನ್ ಬರುವ ಮುಂಚೆ ಮಾಡಿಕೊಳ್ಳಿ. ದೈಹಿಕ ಪರೀಕ್ಷೆಗೆ ಎರಡು ಮೂರು ತಿಂಗಳಿದೆ ಅನ್ನುವಾಗ ಓಟ ಮುಂದೆ, ವೇಟ್ ಹಿಂದೆ. ಕಟ್ಟಿದ್ದು ಹೋಗುತ್ತೆ ಅನ್ನೋ ಚಿಂತೆ ಬೇಡ ತಮ್ಮಾ. ಉಳಿಸಿಕೊಳ್ಳಲು ಕಟ್ಟುವಾಗಿನ ಸೆಟ್ಟುಗಳಲ್ಲಿ ಮೂರನೇ ಒಂದು ಭಾಗ ಸಾಕು, ಎತ್ತುವ ಭಾರ ಮಾತ್ರ ಇಳಿಸಬಾರದು. ವಾರಕ್ಕೆ ಎರಡು ದಿನ ಪೂರ್ತಿ ಮೈಗೆ ವೇಟ್ ಮಾಡಿದರೆ ಆಯಿತು.

ಕಾರ್ಡಿಯೋ ಅತಿಯಾಯಿತೋ ಇಲ್ಲವೋ ಅಂತ ತಿಳಿಯಲು ಒಂದು ನೋಟ್‌ಬುಕ್ ಇಡಿ. ಎತ್ತಿದ ಭಾರ, ರೆಪ್ಸ್, ಬೆಳಿಗ್ಗೆ ಬರಿ ಹೊಟ್ಟೆಯ ತೂಕ, ವಾರಕ್ಕೊಮ್ಮೆ ಸೊಂಟದ ಸುತ್ತಳತೆ ಬರೆಯಿರಿ. 70 ಕಿಲೋದವರ ತೂಕ ವಾರಕ್ಕೆ 200ರಿಂದ 350 ಗ್ರಾಂ ಏರುತ್ತಿದ್ದರೆ ದಾರಿ ಸರಿಯಿದೆ. ಎರಡು ವಾರ ಏರದಿದ್ದರೆ ಕಾರ್ಡಿಯೋಗೆ ಕೈ ಹಾಕಬೇಡಿ, ಮೊದಲು ಒಂದು ರೊಟ್ಟಿ, ಒಂದು ಮುಷ್ಟಿ ಶೇಂಗಾ ಹೆಚ್ಚಿಸಿ. ಊಟ, ನಿದ್ದೆ ಎರಡೂ ಸರಿಯಿದ್ದು ಸತತ ಎರಡು ವಾರ ಸ್ಕ್ವಾಟ್ ಭಾರ ಇಳಿಯುತ್ತಿದ್ದರೆ ಆಗ ಒಂದು ಕಾರ್ಡಿಯೋ ದಿನ ತೆಗೆಯಿರಿ. ತೂಕಕ್ಕಿಂತ ಸೊಂಟ ಬೇಗ ಏರುತ್ತಿದ್ದರೆ ಎಣ್ಣೆ, ಸಿಹಿ ಕಡಿಮೆ ಮಾಡಿ, ಓಟ ಹೆಚ್ಚಿಸಲು ಹೋಗಬೇಡಿ. ನಲವತ್ತು ದಾಟಿದವರು, ಬಿಪಿ, ಶುಗರ್ ಇರುವವರು ಡಾಕ್ಟರಿಗೆ ತೋರಿಸಿ ಶುರು ಮಾಡಿ. ಎದೆ ಹಿಡಿದಂತಾದರೆ, ತಲೆ ತಿರುಗಿದರೆ ಆ ಸೆಟ್ಟನ್ನು ಅಲ್ಲೇ ಬಿಟ್ಟು ಆಸ್ಪತ್ರೆಗೆ ಹೊರಡಿ.