ಪುಣೆಯಲ್ಲಿ ನೀರು 98ಕ್ಕೇ ಕುದಿಯುತ್ತದೆ

ನಾನು ಪುಣೆಯಲ್ಲಿ ಭೌತಶಾಸ್ತ್ರ ಕಲಿಸುವವನು. ಊರು ಧಾರವಾಡ. ಪುಣೆಯ ಒಂದು ಕನ್ನಡ ಮಾಧ್ಯಮ ಶಾಲೆಯ ಮುಖ್ಯೋಪಾಧ್ಯಾಯರು ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಭಾಷಣ ಮಾಡಲು ಕರೆದರು. "ಭಾಷಣ ಬ್ಯಾಡ್ರಿ ಸರ್, ನಿಮ್ಮ ವಿಜ್ಞಾನದ ಟೀಚರ್ ಜೊತೆ ಶನಿವಾರ ಒಂದೆರಡು ತಾಸು ಕೂಡ್ತೀನಿ" ಅಂದೆ. ಅವರಿಗೆ ಕೊಂಚ ಬೇಜಾರಾಯಿತು. ಶಾಲು, ತೆಂಗಿನಕಾಯಿ ಎಲ್ಲ ಆಗಲೇ ತರಿಸಿದ್ದರಂತೆ.

ಪುಣೆಯಲ್ಲಿ ಮಕ್ಕಳಿಗೆ ವಿಜ್ಞಾನಿಗಳೇನೂ ಅಪರೂಪವಲ್ಲ. ವಿಶ್ವವಿದ್ಯಾಲಯದ ಆವರಣದಲ್ಲೇ ಐಯುಕಾ ಅನ್ನುವ ಖಗೋಳ ಸಂಶೋಧನಾ ಕೇಂದ್ರ ಇದೆ. ಅದನ್ನು ಕಟ್ಟಿದ ಖಗೋಳವಿಜ್ಞಾನಿ ಜಯಂತ ನಾರ್ಳೀಕರ್ ಅವರ ಹತ್ತಿರ ಮಕ್ಕಳು ಹಸ್ತಾಕ್ಷರ ಕೇಳಿದರೆ, ಪೋಸ್ಟ್‌ಕಾರ್ಡಿನಲ್ಲಿ ಒಂದು ಪ್ರಶ್ನೆ ಬರೆದು ಕಳಿಸಿ, ಉತ್ತರದ ಕೆಳಗೆ ಸಹಿ ಹಾಕುತ್ತೇನೆ ಅನ್ನುತ್ತಿದ್ದರು. ಅಲ್ಲೇ ಇರುವ ಮಕ್ಕಳ ವಿಜ್ಞಾನ ಕೇಂದ್ರ ಮುಕ್ತಾಂಗಣದಲ್ಲಿ ಅರವಿಂದ ಗುಪ್ತಾ ಕಸದಿಂದ ಆಟಿಕೆ ಮಾಡಿ ವರ್ಷಗಟ್ಟಲೆ ಮಕ್ಕಳಿಗೆ ಕಲಿಸಿದರು. ಇವೆಲ್ಲ ಒಳ್ಳೆಯವೇ. ಆದರೆ ಮಗು ಅಲ್ಲಿಂದ ಮರಳಿ ಬರುವುದು ಅದೇ ತರಗತಿಗೆ. ಅಲ್ಲಿ ವರ್ಷಪೂರ್ತಿ ಇರುವವರು ಟೀಚರ್. ಅವರ ಜೊತೆ ಯಾರಿದ್ದಾರೆ?

ಈ ಯೋಚನೆ ನನ್ನದೇನಲ್ಲ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 16 ಮಾಧ್ಯಮಿಕ ಶಾಲೆಗಳಿಂದ ಶುರುವಾದ ವಿಜ್ಞಾನ ಕಾರ್ಯಕ್ರಮ ಇತ್ತಲ್ಲ, ಅದರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ದಿಲ್ಲಿ ವಿಶ್ವವಿದ್ಯಾಲಯದವರು ಹಳ್ಳಿ ಮೇಷ್ಟ್ರುಗಳ ಜೊತೆ ಕೂತು ಪ್ರಯೋಗ ಮಾಡಿದ್ದರು. ಸರ್ಕಾರ 2002ರಲ್ಲಿ ಅದನ್ನು ನಿಲ್ಲಿಸಿತು. ಅಷ್ಟು ದೊಡ್ಡದು ನನ್ನಿಂದ ಆಗುವ ಮಾತಲ್ಲ. ಒಂದು ಶಾಲೆ, ಒಬ್ಬ ಟೀಚರ್ ಸಾಕು ಅಂದುಕೊಂಡೆ.

ಟೀಚರ್ ಕುಮಟಾ ಕಡೆಯವರು. ಚುರುಕು ಮನುಷ್ಯರು. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಬಾಲಭಾರತಿಯ ಕನ್ನಡ ಪಠ್ಯಪುಸ್ತಕ ಅವರಿಗೆ ಬಾಯಿಪಾಠ. ಆದರೆ ಪ್ರಯೋಗಾಲಯದ ಕಪಾಟಿಗೆ ಬೀಗ. ಕೀಲಿ ಆಫೀಸಿನಲ್ಲಿ. ಯಾಕೆ ಅಂತ ಕೇಳಿದ್ದಕ್ಕೆ ಡೆಡ್‌ಸ್ಟಾಕ್ ರಿಜಿಸ್ಟರ್ ತೋರಿಸಿದರು. ಪ್ರತಿ ಬೀಕರ್, ಪ್ರತಿ ಥರ್ಮಾಮೀಟರ್ ಅದರಲ್ಲಿ ದಾಖಲು. ಒಡೆದರೆ ಬರವಣಿಗೆ, ವಿವರಣೆ, ಕೆಲವೊಮ್ಮೆ ಸ್ವಂತ ಜೇಬು. ಹೀಗಿರುವಾಗ ಯಾರು ತಾನೇ ಐವತ್ತು ಮಕ್ಕಳ ಕೈಗೆ ಗಾಜು ಕೊಡುತ್ತಾರೆ? ಪ್ರಯೋಗ ಮಾಡಿಸದ ಟೀಚರನ್ನು ಸೋಮಾರಿ ಅನ್ನುವವರು ಒಮ್ಮೆ ಆ ರಿಜಿಸ್ಟರ್ ತಿರುವಿ ಹಾಕಬೇಕು.

ಅದಕ್ಕೊಂದು ದಾರಿ ಹುಡುಕಿದೆವು. ರಿಜಿಸ್ಟರಿಗೆ ಹತ್ತದ ಸಾಮಾನು ಬೇರೆಯೇ ಇಟ್ಟೆವು. ಬುಧವಾರ ಪೇಟೆಯ ವೈರು, ಸೆಲ್ಲು, ಪುಟ್ಟ ಬಲ್ಬು. ಪಾದರಸ ಬೇಡ ಅಂತ ಕೆಂಪು ದ್ರವದ ಅಗ್ಗದ ಥರ್ಮಾಮೀಟರ್ ಆರು. ಒಂದು ಪ್ಲಾಸ್ಟಿಕ್ ಬುಟ್ಟಿ, ಅದರ ಮೇಲೆ "ಒಡೆದರೆ ಒಡೆಯಲಿ" ಅಂತ ಚೀಟಿ. ಚೀಟಿ ಅಂಟಿಸಿದ್ದು ಟೀಚರೇ.

ಮೊದಲ ಪಾಠ ನೀರು ಕುದಿಯುವುದು. ಎರಡು ಮೂರು ಮಕ್ಕಳು ಪಾತ್ರೆಯ ಸುತ್ತ ನಿಂತು ಓದಿದರು. 96, 98, 99. ಒಬ್ಬ ಹುಡುಗ ಕೂಗಿದ, "ಸರ್, ಇದು ಕೆಟ್ಟೈತ್ರಿ. ನೂರಕ್ಕ ಹೋಗವಲ್ದು." ಟೀಚರ್ ನನ್ನ ಮುಖ ನೋಡಿದರು. ಆಮೇಲೆ ಹೇಳಿದರು, ಇಂಥ ಹೊತ್ತಿಗೆ ತಾವು ಸಾಮಾನ್ಯವಾಗಿ "ನೂರು ಅಂತ ಬರೀರಿ" ಅಂದುಬಿಡುತ್ತಿದ್ದರಂತೆ. ಪುಸ್ತಕದಲ್ಲಿ ನೂರು, ಪರೀಕ್ಷೆಯಲ್ಲಿ ನೂರು. ಪೋರ್ಷನ್ ಮುಗಿಸುವ ಅವಸರ ಬೇರೆ.

ವಿಜ್ಞಾನಿಯಿಂದ ಶಾಲೆಗೆ ನಿಜವಾಗಿ ಉಪಯೋಗ ಆಗುವುದು ಇಲ್ಲೇ ಅಂತ ನನಗೆ ಅನ್ನಿಸುತ್ತದೆ. ಟೀಚರಿಗೆ ಗೊತ್ತಿಲ್ಲದ ಸಂಗತಿ ನನ್ನ ಹತ್ತಿರ ಜಾಸ್ತಿಯೇನೂ ಇರಲಿಲ್ಲ. ಆದರೆ ಲೆಕ್ಕ ತಪ್ಪಿದ ರೀಡಿಂಗ್ ನೋಡಿ ಗಾಬರಿಯಾಗದೇ ಇರುವುದು ನನಗೆ ದಿನದ ಅಭ್ಯಾಸ. ಲ್ಯಾಬಿನಲ್ಲಿ ನಮ್ಮ ಅರ್ಧ ಆಯುಷ್ಯ ಅದರಲ್ಲೇ ಹೋಗುತ್ತದೆ.

ಮುಂದಿನ ಶನಿವಾರ ಮಕ್ಕಳಿಲ್ಲದೆ ನಾವಿಬ್ಬರೇ ಕೂತೆವು. ಎದುರಿನ ಕಬ್ಬಿನ ಹಾಲಿನ ಅಂಗಡಿಯಿಂದ ಐಸ್ ತಂದು ಪುಡಿ ಮಾಡಿ, ಸ್ವಲ್ಪ ನೀರು ಹಾಕಿ, ಆರೂ ಥರ್ಮಾಮೀಟರ್ ಅದರಲ್ಲಿ ಇಟ್ಟೆವು. ಕರಗುವ ಐಸಿನಲ್ಲಿ ಸೊನ್ನೆ ತೋರಿಸಬೇಕು. ಒಂದು ಸೊನ್ನೆ, ಒಂದು ಒಂದೂವರೆ, ಒಂದು ಸೊನ್ನೆಗಿಂತ ಕೆಳಗೆ. ಯಾವುದರ ತಪ್ಪು ಎಷ್ಟು ಅಂತ ಟೇಪಿನ ಮೇಲೆ ಬರೆದು ಅಂಟಿಸಿದೆವು. ಮತ್ತೆ ನೀರು ಕುದಿಸಿದೆವು. ಥರ್ಮಾಮೀಟರಿನ ಬುಂಡೆ ಪಾತ್ರೆಯ ತಳಕ್ಕೆ ತಾಗದ ಹಾಗೆ ದಾರದಲ್ಲಿ ತೂಗುಹಾಕಿದ್ದು ಅವರದೇ ಐಡಿಯಾ. ತಪ್ಪನ್ನು ಕಳೆದು ನೋಡಿದರೆ ಎಲ್ಲವೂ 98ರ ಆಸುಪಾಸಿಗೆ ಬಂದವು.

ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಯುವ ಬಿಂದು ಇಳಿಯುತ್ತದೆ. ಹಾಗಾಗಿ ಇಲ್ಲಿ 98 ಬರಬೇಕಾದದ್ದೇ.

ಟೀಚರ್ ಅಷ್ಟಕ್ಕೇ ಒಪ್ಪಲಿಲ್ಲ. "ಸೊನ್ನೆ ಹತ್ತಿರ ಇರೋ ತಪ್ಪೇ ನೂರರ ಹತ್ತಿರಾನೂ ಇರುತ್ತೆ ಅಂತ ಹೇಗೆ ಹೇಳ್ತೀರಿ ಸರ್?" ಅಂದರು. ಒಳ್ಳೆಯ ಪ್ರಶ್ನೆ. ಪಿಎಚ್‌ಡಿ ಮೌಖಿಕ ಪರೀಕ್ಷೆಯಲ್ಲಿ ಕೇಳುವಂಥದ್ದು. ದೀಪಾವಳಿ ರಜೆಗೆ ಊರಿಗೆ ಹೋಗುವಾಗ ಅದೇ ಥರ್ಮಾಮೀಟರುಗಳನ್ನು ಸೀರೆಯ ಮಡಿಕೆಯಲ್ಲಿ ಸುತ್ತಿ ಒಯ್ದರು. ಕುಮಟಾ ಅಂದರೆ ಸಮುದ್ರದ ದಂಡೆ. ಅಲ್ಲಿ ಪ್ರತಿಯೊಂದೂ ಪುಣೆಗಿಂತ ಹತ್ತಿರಹತ್ತಿರ ಎರಡು ಡಿಗ್ರಿ ಜಾಸ್ತಿ ತೋರಿಸಿತು. ಅಡುಗೆಮನೆಯಿಂದಲೇ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದರು. ಥರ್ಮಾಮೀಟರ್ ತಪ್ಪು ತೋರಿಸಿದರೂ ಎರಡೂ ಊರಲ್ಲಿ ಅದೇ ತಪ್ಪು ತೋರಿಸುತ್ತದಲ್ಲ, ವ್ಯತ್ಯಾಸವನ್ನು ನಂಬಬಹುದು.

ಆಮೇಲೆ ಪಾಠ ಮಾಡಿದ್ದು ಅವರು. ನಾನು ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತಿದ್ದೆ. "ಕೆಟ್ಟೈತ್ರಿ" ಅಂದ ಹುಡುಗನ ಅಪ್ಪ ವಿಜಯಪುರದಿಂದ ಗೌಂಡಿ ಕೆಲಸಕ್ಕೆ ಬಂದವರು. "ನಮ್ಮೂರಾಗ ಎಷ್ಟಕ್ಕ ಕುದೀತದ್ರಿ ಬಾಯಿ?" ಅಂತ ಕೇಳಿದ. (ಇಲ್ಲಿ ಟೀಚರಮ್ಮನಿಗೆ ಬಾಯಿ ಅನ್ನುತ್ತಾರೆ.) ವಿಜಯಪುರವೂ ಹೆಚ್ಚುಕಡಿಮೆ ಪುಣೆಯಷ್ಟೇ ಎತ್ತರ. ಉತ್ತರ ಹೇಳದೆ, ಎತ್ತರ ಹುಡುಕಿಕೊಂಡು ಬಾ ಅಂದರು. ಪರೀಕ್ಷೆಗೆ ಏನು ಬರೆಯಬೇಕು ಅನ್ನುವುದೂ ಬಂತು. "ಸಮುದ್ರಮಟ್ಟದಲ್ಲಿ 100" ಅಂತ ಬರೀರಿ, ಯಾರೂ ಅಂಕ ಕಳೆಯೋದಿಲ್ಲ ಅಂದರು.

ಇದನ್ನು ಮಾಡಬೇಕು ಅನ್ನುವ ಸಹೋದ್ಯೋಗಿಗಳಿಗೆ ನಾನು ಒಂದೆರಡು ಮಾತು ಹೇಳುತ್ತೇನೆ. ಪಠ್ಯಪುಸ್ತಕ ಬಿಟ್ಟು ಬೇರೆ ಏನನ್ನೋ ಹೊತ್ತು ಹೋಗಬೇಡಿ. ಮುಂದಿನ ವಾರದ ಪಾಠ ಯಾವುದು ಅಂತ ಕೇಳಿ, ಅದನ್ನೇ ಹಿಡಿಯಿರಿ. ನನ್ನ ಸಂಶೋಧನಾ ವಿದ್ಯಾರ್ಥಿಗಳು ಬರುತ್ತೇವೆ ಅಂದಾಗ ಒಂದೇ ಷರತ್ತು ಹಾಕಿದೆ. ಮೊದಲು ಒಂದು ಪೀರಿಯಡ್ ಹಿಂದೆ ಕೂತು ಟೀಚರ್ ಪಾಠ ಕೇಳಬೇಕು, ಲ್ಯಾಪ್‌ಟಾಪ್ ತೆಗೆಯಬಾರದು. ಇಬ್ಬರು ಅಲ್ಲಿಗೇ ಬಿಟ್ಟರು. ಉಳಿದವರು ಈಗಲೂ ಬರುತ್ತಾರೆ. ಬಡ್ತಿಯ ಅರ್ಜಿಯಲ್ಲಿ ಈ ಕೆಲಸಕ್ಕೆ ಕಾಲಂ ಹುಡುಕಬೇಡಿ.

ಈಗ ಅದೇ ಕಟ್ಟಡದ ಮರಾಠಿ ಶಾಲೆಯ ಟೀಚರ್ ಕೂಡ ಶನಿವಾರ ಬಂದು ಕೂರುತ್ತಾರೆ. ಅವರಿಗೆ ಐಸಿನ ಪ್ರಯೋಗ ಹೇಳಿಕೊಟ್ಟಿದ್ದು ನಾನಲ್ಲ, ಕುಮಟಾದವರು. ಮುಂದಿನದು ಮಸೂರದ ಪಾಠ. ಬಿಸಿಲು ಬೇಕು. ಪುಣೆಯ ಮಳೆಗಾಲದಲ್ಲಿ ಅದನ್ನು ನಂಬಿ ಕೂರುವ ಹಾಗಿಲ್ಲ ಅಂತ ಪಾಠದ ಸರದಿಯನ್ನೇ ದೀಪಾವಳಿ ಆಚೆಗೆ ತಳ್ಳಲು ಮುಖ್ಯೋಪಾಧ್ಯಾಯರನ್ನು ಕೇಳಿದ್ದೇವೆ. ವಾರ್ಷಿಕ ಯೋಜನೆ ತಿದ್ದಬೇಕಾಗುತ್ತದೆ ಅಂತ ಅವರು ಇನ್ನೂ ಗೊಣಗುತ್ತಿದ್ದಾರೆ.